ಇಲಿಯ ಹಿಂದೆ ಬಂದದ್ದು

ಆ ವರ್ಷ ನಮ್ಮ ವಿಮ್ಮೆರಾ ಬಯಲಿನಲ್ಲಿ ಗೋಧಿ ಎಷ್ಟು ಚೆನ್ನಾಗಿ ಬಂದಿತ್ತೋ ಇಲಿಯೂ ಅಷ್ಟೇ ಚೆನ್ನಾಗಿ ಬಂದಿತ್ತು. ಕ್ಲೆಮ್ ಪೆಟ್ಷೆಲ್‌ನ ಮನೆಯಲ್ಲಿ ಮೊದಲು ಹೋದದ್ದು ಗೀಸರ್. ಅದರ ತಂತಿಗಳನ್ನು ಇಲಿಗಳು ದೀಪದ ಬತ್ತಿಯಂತೆ ಎಳೆ ಎಳೆಯಾಗಿ ಬಿಡಿಸಿಟ್ಟಿದ್ದವು. ಎರಡು ದಿನ ಬಿಟ್ಟು ಮನೆಯ ಫೋನು ಸತ್ತಿತು. ಭಾನುವಾರ ಹಿಟ್ಟಿನ ಡಬ್ಬದಲ್ಲಿ ಹಿಕ್ಕೆ ಸಿಕ್ಕಿ, ಹತ್ತು ಕಿಲೋ ಹಿಟ್ಟನ್ನು ಕೋಳಿಗಳ ಮುಂದೆ ಸುರಿದದ್ದಾಯಿತು. ಬುಧವಾರ ವಾಷಿಂಗ್ ಮಷೀನಿನ ಕೊಳವೆ ತೂತಾಗಿ ಬಟ್ಟೆ ಒಗೆಯುವ ಕೋಣೆಯಲ್ಲಿ ಕಾಲು ಮುಳುಗುವಷ್ಟು ನೀರು ನಿಂತಿತು.

ಕ್ಲೆಮ್‌ನ ಹೆಂಡತಿ ಜಸಿಂಟಾ ಸಮುದ್ರದ ಕಡೆಯವಳು. ಅಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಐದು ವರ್ಷದ ಹಿಂದೆ ಮದುವೆಯಾಗಿ ಈ ಬಯಲಿಗೆ ಬಂದಳು. ಕೆಲಸಕ್ಕೆ ಅಂಜುವವಳಲ್ಲ. ಆದರೆ ಆ ಹದಿನೈದು ದಿನಗಳು ಅವಳನ್ನು ಅರೆದು ಹಾಕಿದ್ದವು. ಎರಡೂವರೆ ವರ್ಷದ ಮಗಳು ಡಾಟಿಯ ಸ್ನಾನಕ್ಕೆ ಪಾತ್ರೆಯಲ್ಲಿ ನೀರು ಕಾಯಿಸಬೇಕು. ಮಲಗುವ ಮುಂಚೆ ಒಂದೊಂದು ಹೊದಿಕೆಯನ್ನೂ ಹೊರಗೆ ಒಯ್ದು ಕೊಡವಬೇಕು. ಬೇಸಗೆ ಹತ್ತಿರವಾದಂತೆ ನಮ್ಮ ಜೇಡಿಮಣ್ಣು ಒಣಗಿ ಬಿರುಕು ಬಿಟ್ಟು ಹಳೆಯ ಮನೆಗಳೆಲ್ಲ ಒಂದಿಷ್ಟು ವಾಲುತ್ತವೆ. ಡಾಟಿಯ ಕೋಣೆಯ ಬಾಗಿಲು ಹೀಗೆ ವಾಲಿ ನೆಲಕ್ಕೆ ಕಚ್ಚಿಕೊಂಡಿತ್ತು. ಭುಜ ಕೊಟ್ಟು ನೂಕಿದರೇ ಅದು ತೆರೆಯುವುದು. ಸರಿಮಾಡಿಕೊಡು ಎಂದು ಜಸಿಂಟಾ ಗಂಡನಿಗೆ ಎರಡು ತಿಂಗಳಿಂದಲೂ ಹೇಳುತ್ತಿದ್ದಳು. ಕ್ಲೆಮ್ ಈಗ ಕೊಯ್ಲಿನಲ್ಲಿದ್ದ. ಬೆಳಗಾಗುವ ಮುಂಚೆ ಹೋದರೆ ಕತ್ತಲಾದ ಮೇಲೆ ಬರುವುದು.

ಇದರ ನಡುವೆ ಕೊಯ್ಲಿನವರ ಅಡುಗೆ ನೋಡಿಕೊಳ್ಳಲು ಅತ್ತೆ ಎಲ್ವಾ ಬಂದಿಳಿದಿದ್ದಳು. ಎಪ್ಪತ್ತನಾಲ್ಕು ವರ್ಷ, ಒಂದು ಕಡೆ ಸೊಂಟ ನೆಟ್ಟಗಿಲ್ಲ, ನಾಲಿಗೆ ಮಾತ್ರ ನೆಟ್ಟಗೆ. ಊಟಕ್ಕೆ ಕೂತಾಗ ಅವಳದೊಂದು ನಿಯಮ. ಪ್ರಾರ್ಥನೆ ಮುಗಿದ ಮೇಲೆ ಮೇಜಿನ ಸುತ್ತ ಇರುವವರೆಲ್ಲ, ಇವತ್ತು ದೇವರಿಗೆ ಯಾವುದಕ್ಕೆ ಕೃತಜ್ಞರು ಎಂದು ಒಂದೊಂದು ಹೇಳಬೇಕು.

ಬುಧವಾರ ಕ್ಲೆಮ್, "ಮಳೆ ಬರದೇ ಇದ್ದದ್ದಕ್ಕೆ" ಎಂದ. ಡಾಟಿ, "ಟೊಮೆಟೊ ಸಾಸ್‌ಗೆ" ಎಂದಳು. ಜಸಿಂಟಾ ದಿನವಿಡೀ ನೀರು ಬಳಿದು ಬಂದಿದ್ದಳು. ಅವಳ ಅಂಗೈ ಚರ್ಮ ಸುಕ್ಕಾಗಿ ಬೆಳ್ಳಗಾಗಿತ್ತು.

"ಇಲಿಗಳಿಗೆ" ಎಂದಳು. "ಅವಿಲ್ಲದಿದ್ರೆ ಈ ಮನೇಲಿ ನಂಗೆ ಹೊತ್ತೇ ಹೋಗ್ತಿರ್ಲಿಲ್ಲ."

ಕ್ಲೆಮ್ ನಕ್ಕ. ತಾಯಿಯ ಮುಖ ನೋಡಿ ನಗು ನುಂಗಿಕೊಂಡ.

"ನಮ್ಮ ಕಾಲದಲ್ಲಿ ಗೀಸರ್ರೂ ಇರ್ಲಿಲ್ಲ, ಮಷೀನೂ ಇರ್ಲಿಲ್ಲ" ಎಂದಳು ಎಲ್ವಾ. "ಇದ್ದದ್ದನ್ನ ನೆನೆಸ್ಕೋಬೇಕು ಜಸಿಂಟಾ."

"ಗೊತ್ತು ಎಲ್ವಾ. ಬಾವೀನೂ ನೀವೇ ತೋಡಿರ್ಬೇಕು."

"ಬಾವಿ ತೋಡಿದ್ದು ನನ್ನ ಮಾವ. ನೀರು ಸೇದಿದ್ದು ನಾನು."

ಅಟ್ಟದಲ್ಲಿ ಇಲಿಗಳು ಓಡಾಡುವುದು ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಹತ್ತೂವರೆಯ ಹೊತ್ತು. ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಮಾಡದ ಡಾಟಿ ತನ್ನ ಕೋಣೆಯಲ್ಲಿ ಮಲಗಿದ್ದಳು. ಎಲ್ವಾ ಅಡುಗೆಮನೆಯಲ್ಲಿ ಕುರಿಮಾಂಸದ ಪೈಗಳನ್ನು ಓವನ್‌ಗೆ ಇಡುತ್ತಿದ್ದಳು. ಜಸಿಂಟಾ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಬಟ್ಟೆ ಒಗೆಯುವ ಕೋಣೆಗೆ ಹೋದಳು. ಕೊಳವೆಗೆ ಟೇಪು ಸುತ್ತಿಯಾದರೂ ಒಂದು ಸಲ ಮಷೀನು ಓಡಿಸೋಣವೆಂದು ಅದನ್ನು ಗೋಡೆಯಿಂದ ಈಚೆಗೆ ಎಳೆದಳು. ಅದು ಒಂದು ಗೇಣು ಬಂತು. ಸಂದಿಯಲ್ಲಿ ಕಾಲಿಟ್ಟು ಮತ್ತೊಮ್ಮೆ ಎಳೆದಾಗ ಪಾದದ ಹರಡಿನ ಮೇಲೆ ಏನೋ ಚುಚ್ಚಿತು.

ತಂತಿಯ ತುದಿ ಇರಬೇಕೆಂದುಕೊಂಡಳು. ಅಷ್ಟೇ ಇತ್ತು ನೋವು. ಬಗ್ಗಿ ನೋಡಿದರೆ ಗೀರಿದಂತೆ ಎರಡು ಗುರುತು, ಒಂದರ ತುದಿಯಲ್ಲಿ ಸಾಸಿವೆಯಷ್ಟು ರಕ್ತ. ತಲೆ ಎತ್ತುವಾಗ ಬಟ್ಟೆ ಒಗೆಯುವ ತೊಟ್ಟಿಯ ಕೆಳಗೆ, ಒದ್ದೆ ನೆಲದ ಮೇಲೆ, ಕಂದು ಬಣ್ಣದ ಬಾಲವೊಂದು ಆತುರವಿಲ್ಲದೆ ಒಳಗೆ ಸರಿದುಹೋಯಿತು.

ಕಂದು ಹಾವು ಏನು ಮಾಡುತ್ತದೆಂದು ನಮ್ಮ ಕಡೆ ಶಿಶುವಿಹಾರದ ಮಕ್ಕಳಿಗೂ ಗೊತ್ತು. ನೋವು ಮಾಡುವುದಿಲ್ಲ, ಊತ ಬರಿಸುವುದಿಲ್ಲ. ಅರ್ಧ ಗಂಟೆ ಏನೂ ಆಗಿಲ್ಲವೆಂಬಂತೆ ಓಡಾಡಿಕೊಂಡಿದ್ದು ಆಮೇಲೆ ನಿಂತಲ್ಲೇ ಬಿದ್ದವರ ಕತೆಯನ್ನು ಜಸಿಂಟಾ ಕೇಳಿದ್ದಳು. ಕೂಗಬೇಕೆಂದರೆ ಬಾಯಿ ಒಣಗಿತ್ತು.

"ಎಲ್ವಾ" ಎಂದಳು. ಅದು ಪಿಸುಮಾತಾಯಿತು. ಇನ್ನೊಮ್ಮೆ ಕಿರುಚಿದಳು.

ಎಲ್ವಾ ಕೈಗೆ ಹಿಟ್ಟು ಮೆತ್ತಿಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಸೊಸೆಯ ಮುಖ ನೋಡಿದಳು, ಅವಳ ಬೆರಳು ತೋರಿಸಿದ ಕಡೆ ನೋಡಿದಳು.

"ಕಚ್ತಾ?"

"ಹೂಂ."

"ಅಲ್ಲಾಡಬೇಡ. ಒಂದು ಹೆಜ್ಜೆನೂ ಇಡಬೇಡ. ಹಾಗೇ ಕೂತ್ಕೋ. ಮಲಕ್ಕೋ."

"ಅದು ಇಲ್ಲೇ ಇದೆ ಎಲ್ವಾ! ತೊಟ್ಟಿ ಕೆಳಗೆ!"

ಎಲ್ವಾ ಒಂದು ಕ್ಷಣ ಯೋಚಿಸಿದಳು. ನಡೆಸಿದರೆ ವಿಷ ಏರುತ್ತದೆ, ಇಲ್ಲೇ ಬಿಟ್ಟರೆ ಹಾವಿನ ಮಗ್ಗುಲಲ್ಲಿ ಮಲಗಿಸಿದಂತೆ. ನೆಲದ ಮೇಲೆ ರಾಶಿ ಬಿದ್ದಿದ್ದ ಒದ್ದೆ ಚಾದರವೊಂದನ್ನು ಎಳೆದು ಹಾಸಿದಳು. "ಇದರ ಮೇಲೆ ಬೀಳು. ಮೆಲ್ಲಗೆ. ಕಾಲು ಹಾಗೇ ಇರ್ಲಿ." ಜಸಿಂಟಾ ಅಂಗಾತ ಮಲಗಿದಳು. ಎಲ್ವಾ ಚಾದರದ ಎರಡು ಮೂಲೆ ಹಿಡಿದು, ಹಿಂದೆ ಹಿಂದೆ ಹೆಜ್ಜೆಯಿಡುತ್ತ, ಸೊಂಟದ ನೋವಿಗೆ ಹಲ್ಲು ಕಚ್ಚಿಕೊಂಡು ಎಳೆದಳು. ನೆಲದಲ್ಲಿ ನೀರಿದ್ದದ್ದರಿಂದ ಚಾದರ ಜಾರಿತು. ಹೀಗೆ ಅವಳನ್ನು ಕೋಣೆಗಳ ನಡುವಿನ ಓಣಿಗೆ ತಂದು, ಬಟ್ಟೆ ಒಗೆಯುವ ಕೋಣೆಯ ಬಾಗಿಲನ್ನು ಎಳೆದು ಮುಚ್ಚಿದಳು. ಅದೂ ವಾಲಿದ್ದೇ. ಕೆಳಗೆ ಎರಡು ಬೆರಳು ಸಂದಿ ಉಳಿಯಿತು. ಅಲ್ಲಿಗೆ ಒದ್ದೆ ಟವೆಲ್ಲೊಂದನ್ನು ತುರುಕಿದಳು.

ಪ್ರಥಮ ಚಿಕಿತ್ಸೆಯ ಡಬ್ಬ ಬೀರುವಿನಲ್ಲಿತ್ತು. ಎಲ್ವಾ ಮುಚ್ಚಳ ತೆಗೆದಾಗ ಒಳಗಿನಿಂದ ಗುಲಾಬಿ ಬಣ್ಣದ ಇಲಿಮರಿಗಳು ಹೊರಳಿದವು. ಹಾವಿನ ಕಡಿತಕ್ಕೆಂದು ಇಟ್ಟಿದ್ದ ಉದ್ದನೆಯ ಬ್ಯಾಂಡೇಜು ಹತ್ತಿಯಂತೆ ಚೂರಾಗಿ ಅವುಗಳ ಹಾಸಿಗೆಯಾಗಿತ್ತು. ಎಲ್ವಾ ಬೈದಳು. ಅವಳ ಬಾಯಿಂದ ಅಂಥ ಮಾತನ್ನು ಜಸಿಂಟಾ ಎಂದೂ ಕೇಳಿರಲಿಲ್ಲ.

ಆಮೇಲೆ ಎಲ್ವಾ ಓಣಿಯಲ್ಲೇ ನಿಂತು ಲಂಗ ಎತ್ತಿ ತನ್ನ ಕಾಲುಚೀಲಗಳನ್ನು ಬಿಚ್ಚತೊಡಗಿದಳು. ಕಾಲಿನ ನರ ಉಬ್ಬಿದೆಯೆಂದು ಡಾಕ್ಟರು ಹಾಕಿಸಿದ್ದ, ತೊಡೆಯವರೆಗೆ ಬರುವ ಬಿಗಿ ಕಾಲುಚೀಲಗಳು. ಅಡುಗೆಮನೆಯ ಕತ್ತರಿಯಿಂದ ಅವನ್ನು ಪಟ್ಟಿಗಳಾಗಿ ಕತ್ತರಿಸಿ ಗಂಟು ಹಾಕಿ, ಸೊಸೆಯ ಕಾಲಿಗೆ ಕಡಿದ ಜಾಗದ ಮೇಲಿಂದ ಶುರುಮಾಡಿ ಬೆರಳಿನಿಂದ ತೊಡೆಯ ತನಕ ಸುತ್ತಿದಳು.

"ಬಿಗಿ ಆಯ್ತಾ?"

"ಆಯ್ತು."

"ಇನ್ನೂ ಬಿಗೀಬೇಕು."

ಪೊರಕೆಯ ಕೋಲನ್ನು ಕಾಲಿಗೆ ಸೇರಿಸಿ ಪಾತ್ರೆ ಒರೆಸುವ ಬಟ್ಟೆಗಳಿಂದ ಕಟ್ಟಿದಳು. ಒಂದು ಗಂಟೂ ಸಡಿಲವಾಗಲಿಲ್ಲ.

ಇನ್ನು ಆಂಬುಲೆನ್ಸ್ ಕರೆಯಬೇಕು. ಮನೆಯ ಫೋನು ಸತ್ತಿದೆ. ಮೊಬೈಲಿಗೆ ಸಿಗ್ನಲ್ ಸಿಗುವುದು ಗೇಟಿನ ಹತ್ತಿರದ ದಿಬ್ಬದ ಮೇಲೆ, ಎರಡು ಕಿಲೋಮೀಟರು ಆಚೆ. ಜಸಿಂಟಾಳನ್ನು ಎತ್ತಿ ಕಾರಿಗೆ ಹಾಕುವ ಶಕ್ತಿ ಎಲ್ವಾಗಿಲ್ಲ.

"ಡಾಟೀನ ಕರ್ಕೊಂಡು ಹೋಗ್ತೀನಿ" ಎಂದಳು ಎಲ್ವಾ.

"ಬೇಡ. ಮಲಗಿದಾಳೆ. ಆ ಬಾಗಿಲು ತೆಗೆಯೋಕೆ ಹೊತ್ತಾಗತ್ತೆ. ಅವಳಿಗೆ ತೆಗೆಯೋಕಾಗಲ್ಲ, ಹಾವಿಗೆ ಒಳಗೆ ಹೋಗೋಕೂ ಸಂದಿಲ್ಲ. ನೀವು ಹೋಗಿ. ಹೋಗಿ ಎಲ್ವಾ!"

ಎಲ್ವಾ ಬಗ್ಗಿ ಸೊಸೆಯ ಕೆನ್ನೆಯ ಮೇಲೆ ಹಿಟ್ಟಿನ ಕೈ ಇಟ್ಟಳು. "ಕಲ್ಲಿನ ಹಾಗೆ ಬಿದ್ದಿರು, ಮಗಳೇ. ಕಲ್ಲು." ಅವಳು ಜಸಿಂಟಾಳನ್ನು ಮಗಳೇ ಎಂದದ್ದು ಅದೇ ಮೊದಲು. ಅದನ್ನು ಕೇಳಿ ಜಸಿಂಟಾಗೆ ಭಯ ಇನ್ನೂ ಹೆಚ್ಚಾಯಿತು.

ಕಾರು ಹೊರಟ ಸದ್ದು ದೂರವಾಯಿತು.

ಮನೆಯಲ್ಲಿ ಇಷ್ಟು ಸದ್ದುಗಳಿವೆಯೆಂದು ಜಸಿಂಟಾಗೆ ತಿಳಿದಿರಲಿಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು. ತಗಡಿನ ಮಾಡು ಬಿಸಿಲಿಗೆ ಚಟ್ ಚಟ್ ಎನ್ನುತ್ತಿತ್ತು. ತನ್ನ ಎದೆಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಅದು ಜೋರಾದಷ್ಟೂ ವಿಷ ಜೋರಾಗಿ ಓಡುತ್ತದೆ ಎಂದು ನೆನಪಾಗಿ ಅದು ಇನ್ನೂ ಜೋರಾಯಿತು. ಇದು ಭಯವೋ ವಿಷವೋ? ಕಣ್ಣು ಮಂಜಾಗುತ್ತಿದೆಯೋ, ನೀರು ತುಂಬಿದೆಯೋ? ತಲೆಯ ಮೇಲಿನ ಗೋಡೆಯಲ್ಲಿ ಡಾಟಿ ಬಣ್ಣದ ಕಡ್ಡಿಯಲ್ಲಿ ಗೀಚಿದ ಹಸಿರು ಗೆರೆಗಳಿದ್ದವು. ಸೋಮವಾರ ಅದಕ್ಕಾಗಿ ಮಗಳ ಕೈಗೆ ಒಂದು ಏಟು ಕೊಟ್ಟು, ಎಷ್ಟು ಉಜ್ಜಿದರೂ ಹೋಗದೆ ಅತ್ತಿದ್ದಳು. ಈಗ ಆ ಗೆರೆಗಳು ವಿಷವೇರಿ ಎರಡಾಗಿ ಕಾಣುತ್ತವೆಯೇ ಎಂದು ಪರೀಕ್ಷಿಸಿದಳು. ಒಂದೊಂದೇ ಕಂಡವು. ಕಣ್ಣು ಮುಚ್ಚಿ ತೆರೆದು ಮತ್ತೆ ನೋಡಿದಳು. ಇನ್ನೂ ಒಂದೊಂದೇ.

"ಅಮ್ಮಾ" ಎಂದಿತು ಬಾಗಿಲ ಹಿಂದಿನ ಸ್ವರ.

ಡಾಟಿಯ ಬಾಗಿಲು ಜಸಿಂಟಾಳ ಕಾಲಿನಿಂದ ಐದಾರು ಅಡಿ ಆಚೆಗಿತ್ತು. ಹಿಡಿಕೆ ಗಡಗಡ ಅಲ್ಲಾಡಿತು.

"ಅಮ್ಮಾ, ಬಾಗ್ಲು ಬರ್ತಿಲ್ಲ."

"ಬರದೇ ಇರ್ಲಿ ಬಂಗಾರ. ಮಂಚದ ಮೇಲೆ ಕೂತ್ಕೋ."

"ನಂಗೆ ಜೂಸು ಬೇಕು."

"ಅಜ್ಜಿ ಬಂದು ಕೊಡ್ತಾರೆ. ಮಂಚ ಹತ್ತು."

"ಈಗ್ಲೇ ಬೇಕು!" ಹಿಡಿಕೆ ಮತ್ತೆ ಅಲ್ಲಾಡಿತು. ಮಗು ಅಳಲು ಶುರುಮಾಡಿತು.

ಆಗಲೇ ಸಂದಿಗೆ ತುರುಕಿದ್ದ ಟವೆಲ್ಲು ಅಲುಗಿದ್ದು.

ಜಸಿಂಟಾ ಉಸಿರು ಹಿಡಿದಳು. ಟವೆಲ್ಲಿನ ಮಡಿಕೆಯೊಂದು ಮೇಲೆದ್ದು ಬಿದ್ದಿತು. ಅದರೊಳಗಿಂದ ಒಂದು ಇಲಿ ಹೊರಬಂದು, ಒದ್ದೆ ಮೀಸೆ ಕೊಡವಿ, ನೇರವಾಗಿ ಅವಳ ಕಡೆಗೇ ಓಡಿಬಂತು. ಅಂಗೈ ಹತ್ತಿ, ಹೊಟ್ಟೆಯ ಮೇಲಿಂದ ಹಾದು, ಆಚೆ ಇಳಿದು ಮಾಯವಾಯಿತು. ಅವಳು ಬೆರಳೂ ಮಿಸುಕಲಿಲ್ಲ. ಇಲಿ, ಬರೀ ಇಲಿ. ಎದೆಯಿಂದ ನಗುವಿನಂಥದೊಂದು ಎದ್ದು ಗಂಟಲಲ್ಲಿ ನಿಂತಿತು. ಯಾಕೆಂದರೆ ಆ ಇಲಿ ಅಷ್ಟು ಅವಸರದಲ್ಲಿ ಯಾವುದರಿಂದ ಓಡಿಬಂತೆಂದು ಅವಳಿಗೆ ಮರುಕ್ಷಣವೇ ಹೊಳೆದಿತ್ತು.

ಟವೆಲ್ಲಿನ ಕೆಳಗಿನಿಂದ ಹಾವಿನ ತಲೆ ಬಂತು. ಚಿಕ್ಕ ತಲೆ, ಹೆಬ್ಬೆರಳಿನಷ್ಟು. ನಾಲಿಗೆ ಹೊರಬಂದು ಒಳಗೆ ಹೋಯಿತು. ಆಮೇಲೆ ಮೈ ಬಂತು, ಬರುತ್ತಲೇ ಇತ್ತು. ಒಂದು ಗಜ, ಇನ್ನೊಂದು ಮೊಳ. ಅದು ಅವಳ ಕಟ್ಟಿದ ಕಾಲಿನ ಕಡೆಗೆ ತಿರುಗಿತು. ಪೊರಕೆ ಕೋಲಿನ ತುದಿಯನ್ನು ಮುಟ್ಟಿದಂತೆ ಮಾಡಿ ನಿಂತಿತು.

ಕಲ್ಲು, ಎಂದುಕೊಂಡಳು ಜಸಿಂಟಾ. ಕಲ್ಲು, ಕಲ್ಲು.

ಹಾವು ತಲೆ ಹೊರಳಿಸಿ ಎದುರು ಗೋಡೆಯ ಬುಡ ಹಿಡಿದು ಹರಿಯತೊಡಗಿತು. ಆ ಗೋಡೆಯಲ್ಲಿ ಇದ್ದದ್ದು ಡಾಟಿಯ ಬಾಗಿಲು. ಬಾಗಿಲ ಹಿಂದೆ ಡಾಟಿ ಅಳುತ್ತ, ಹಿಡಿಕೆಗೆ ಜೋತುಬಿದ್ದು ತನ್ನ ಮೈಭಾರವನ್ನೆಲ್ಲ ಹಾಕಿ ಎಳೆಯುತ್ತಿದ್ದಳು. ಬಾಗಿಲು ಕಿರ್ ಎಂದಿತು.

"ಡಾಟಿ" ಎಂದಳು ಜಸಿಂಟಾ. ಆ ಸ್ವರ ತನ್ನದೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ಪ್ರತಿರಾತ್ರಿ ಮಲಗಿಸುವಾಗಿನ ಸ್ವರ ಅದು. "ಡಾಟಿ, ಹಿಡಿಕೆ ಬಿಡು. ನಿನ್ನ ಕರಡಿ ಎಲ್ಲಿ?"

ಅಳು ಒಂದಿಷ್ಟು ತಗ್ಗಿತು. "ಮಂಚದಲ್ಲಿ."

"ಅದಕ್ಕೆ ಚಳಿ ಆಗ್ತಿದೆ. ಹೋಗಿ ಹೊದಿಸು. ಕಾಲಿಗೂ ಹೊದಿಸು."

"ಆಮೇಲೆ ಜೂಸು?"

"ಆಮೇಲೆ ಎರಡು ಲೋಟ ಜೂಸು."

ಪುಟ್ಟ ಪಾದಗಳು ತಪತಪನೆ ದೂರ ಹೋದವು. ಹಾವು ಬಾಗಿಲಿಗೆ ಬಂದಿತು. ಬಾಗಿಲಡಿಯ ಉದ್ದಕ್ಕೂ ಮೂತಿಯಿಂದ ತಡವಿಕೊಂಡು ಹೋಯಿತು. ನೆಲಕ್ಕೆ ಕಚ್ಚಿಕೊಂಡಿದ್ದ ಮರ ಅದಕ್ಕೆ ಎಲ್ಲೂ ದಾರಿ ಕೊಡಲಿಲ್ಲ. ಒಂದು ಮೂಲೆಯಲ್ಲಿ ತುಸು ಹೊತ್ತು ನಿಂತಿತು. ಆ ತುಸು ಹೊತ್ತು ಎಷ್ಟೆಂದು ಜಸಿಂಟಾ ಇವತ್ತಿಗೂ ಹೇಳಲಾರಳು. ಆಮೇಲೆ ಅದು ಮುಂದೆ ಸರಿದು, ಅಡುಗೆಮನೆಯ ಹೊಸ್ತಿಲು ದಾಟಿ ಕಣ್ಮರೆಯಾಯಿತು.

ಅಡುಗೆಮನೆಯಿಂದ ಸೀದ ವಾಸನೆ ಬರುತ್ತಿತ್ತು. ಪೈಗಳು ಓವನ್‌ನಲ್ಲಿದ್ದವು. ತೆಳ್ಳನೆಯ ಹೊಗೆ ಓಣಿಯ ಮಾಡಿಗೆ ತಾಗಿಕೊಂಡು ಬಂತು. ಈಗ ಬೆಂಕಿ ಹತ್ತಿದರೆ ಅದೇ ಬಾಗಿಲು ಮಗುವನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಈ ಯೋಚನೆ ಬಂದೊಡನೆ ಜಸಿಂಟಾ ಮೊಣಕೈ ಊರಿ ಎದ್ದೇಬಿಡುವುದರಲ್ಲಿದ್ದಳು. ಅಷ್ಟರಲ್ಲಿ ಹೊರಗೆ ಕಾರಿನ ಸದ್ದು ಕೇಳಿಸಿತು.

"ಎಲ್ವಾ! ಅಡುಗೆಮನೆಯಿಂದ ಬರಬೇಡಿ! ಮುಂದಿನ ಬಾಗಿಲು! ಅದು ಅಡುಗೆಮನೇಲಿದೆ!"

ಎಲ್ವಾ ಮುಂಬಾಗಿಲಿನಿಂದ ಬಂದಳು. ಕೈಯಲ್ಲಿ ಗುದ್ದಲಿ. ಬರಿಗಾಲಿಗೆ ಕ್ಲೆಮ್‌ನ ಹಳೆಯ ರಬ್ಬರ್ ಬೂಟುಗಳನ್ನು ಏರಿಸಿಕೊಂಡಿದ್ದಳು.

"ಹೊರಟಿದ್ದಾರೆ. ಮೂವತ್ತೈದು ನಿಮಿಷ ಅಂದ್ರು. ಕ್ಲೆಮ್‌ಗೆ ರೇಡಿಯೋದಲ್ಲಿ ಹೇಳಿಸ್ತಾರೆ. ಏನದು ಹೊಗೆ?"

"ಪೈ."

"ಅಯ್ಯೋ, ನನ್ನ ಪೈ!" ಎಂದಳು ಎಲ್ವಾ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಗುದ್ದಲಿಯಿಂದ ನೆಲ ಕುಟ್ಟಿದಳು. ನಾಲ್ಕು ಸಲ ಕುಟ್ಟಿ, ಬಗ್ಗಿ ನೋಡಿ, ಒಳಗೆ ಹೋದಳು. ಬೂಟಿನ ಸದ್ದು ಒಂದೊಂದು ಹೆಜ್ಜೆಗೂ ನಿಲ್ಲುತ್ತಿತ್ತು. ಅಲ್ಲಿ ಹಾವಿದೆಯೆಂದು ಗೊತ್ತಿದ್ದೇ ಆ ಮುದುಕಿ ಒಳಗೆ ಹೋಗಿದ್ದಳು. ಜಸಿಂಟಾ ಹೆಜ್ಜೆಗಳನ್ನು ಕೇಳಿಸಿಕೊಳ್ಳುತ್ತ ಬಿದ್ದಿದ್ದಳು. ಓವನ್ ಆರಿಸಿದ ಸದ್ದು, ಕಿಟಕಿ ತೆರೆದ ಸದ್ದು. ಎಲ್ವಾ ಹೊರಗೆ ಬಂದಳು, ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಕಾಣಿಸ್ಲಿಲ್ಲ" ಎಂದಳು.

ಡಾಟಿಯ ಬಾಗಿಲನ್ನು ಭುಜ ಕೊಟ್ಟು ನೂಕಿ, ಮಗುವನ್ನು ಎತ್ತಿ ತಂದು, ಓಣಿಯಲ್ಲಿದ್ದ ಎತ್ತರದ ಪೆಟ್ಟಿಗೆಯ ಮೇಲೆ ಕೂರಿಸಿದಳು. ಜೂಸಿನ ಲೋಟ ಕೈಗೆ ಬಂದ ಮೇಲೆ ಡಾಟಿಗೆ ಲೋಕದಲ್ಲಿ ಬೇರೆ ಚಿಂತೆ ಇರಲಿಲ್ಲ. ಎಲ್ವಾ ಒಂದು ಕುರ್ಚಿ ಎಳೆದುಕೊಂಡು, ಗುದ್ದಲಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಸೊಸೆಯ ತಲೆಯ ಹತ್ತಿರ ಕೂತಳು.

"ಅಮ್ಮ ಯಾಕೆ ನೆಲದ ಮೇಲೆ ಮಲಗಿದಾಳೆ?" ಎಂದಳು ಡಾಟಿ.

"ಸುಸ್ತಾಗಿದೆ. ನಿನ್ನ ಹೆತ್ತು ಸುಸ್ತಾಗಿದೆ."

ಸ್ವಲ್ಪ ಹೊತ್ತಿಗೆ ಜಸಿಂಟಾಗೆ ಚಳಿ ಹಿಡಿಯಿತು. ಹಲ್ಲು ಕಟಕಟ ಎಂದವು. "ಎಲ್ವಾ, ನಂಗೇನಾದ್ರೂ ಆದ್ರೆ..."

"ಬಾಯ್ಮುಚ್ಚು." ಎಲ್ವಾ ಅವಳ ಹಣೆ ಒರೆಸಿದಳು. ಆಮೇಲೆ ತನಗೆ ತಾನೇ ಎಂಬಂತೆ ಹೇಳತೊಡಗಿದಳು. "ಕಾಲು ಕಟ್ಟಿದ್ದಾಗಿದೆ, ಒಂದು. ಗಾಡಿ ಹೊರಟಿದೆ, ಎರಡು. ಮಗು ಕಣ್ಣೆದುರಿಗಿದೆ, ಮೂರು. ಓವನ್ ಆರಿದೆ, ನಾಲ್ಕು..."

"ದೇವ್ರಾಣೆ ಎಲ್ವಾ, ಈಗಲೂ ಅದೇನಾ? ನಿಮ್ಮ ಆ ಉಪದೇಶ..."

"ಉಪದೇಶ ಅಲ್ಲ ಕಣೇ. ಹೆದರಿಕೆ." ಎಲ್ವಾ ಅಡುಗೆಮನೆಯ ಹೊಸ್ತಿಲಿನಿಂದ ಕಣ್ಣು ತೆಗೆಯದೆ ಮಾತಾಡಿದಳು. "ತೊಂಬತ್ತೊಂದರಲ್ಲಿ ನಿನ್ನ ಮಾವ ವಾಲ್ ಮೇಲೆ ಟ್ರ್ಯಾಕ್ಟರ್ ಮಗುಚಿಬಿತ್ತು. ಕ್ಲೆಮ್ ಇನ್ನೂ ಚಿಕ್ಕವನು. ಎರಡು ಗಂಟೆ ಅವ್ರ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದ್ದೆ. ಡೀಸೆಲ್ ಸೋರ್ತಿತ್ತು. ನಾನು ಒಂದೇ ಸಮ ಊಳಿಡ್ತಿದ್ದೆ. ಅವ್ರು, 'ಏನಾದ್ರೂ ಎಣಿಸೇ ಎಲ್ವಾ, ನಿನ್ನ ಅಳು ಕೇಳಿ ನಂಗೇ ಹೆದರಿಕೆ ಆಗ್ತಿದೆ' ಅಂದ್ರು. ಅಲ್ಲಿ ಎಣಿಸೋಕೇನಿತ್ತು? ಉಸಿರಾಡ್ತಿದಾರೆ, ಒಂದು. ಬೆಂಕಿ ಹತ್ತಿಲ್ಲ, ಎರಡು. ಇನ್ನೂ ಬೆಳಕಿದೆ, ಮೂರು. ಅಷ್ಟನ್ನೇ ತಿರುಗಿಸಿ ತಿರುಗಿಸಿ ಎಣಿಸ್ದೆ. ಅವತ್ತಿಂದ ಚಟ ಆಗೋಯ್ತು. ಮನೇಲಿ ಏನು ಕೆಟ್ರೂ ಎದೆ ಝಲ್ ಅನ್ನತ್ತೆ, ಎಣಿಸ್ತೀನಿ. ನಿಮ್ಮನ್ನೂ ಪೀಡಿಸ್ತೀನಿ. ಗೊತ್ತು."

ಐದು ವರ್ಷ ಅತ್ತೆಯ ಬಾಯಿಂದ ಕೇಳಿ ಕೇಳಿ ಜಸಿಂಟಾಳ ಕಿವಿ ತೂತಾಗಿದ್ದ ಮಾತು ಅದು. ಅದರ ಹಿಂದೆ ಇಂಥ ಭಯ ಕೂತಿದೆಯೆಂದು ಅವಳು ಎಣಿಸಿರಲಿಲ್ಲ.

"ಮಾವ ಬದುಕಿದ್ರಲ್ಲ" ಎಂದಳು.

"ಹನ್ನೊಂದು ವರ್ಷ. ಕುಂಟ್ಕೊಂಡು. ಬೈಕೊಂಡು."

"ಗೆರೆ ಒಂದೊಂದೇ ಕಾಣ್ತಿದೆ" ಎಂದಳು ಜಸಿಂಟಾ.

"ಯಾವ ಗೆರೆ?"

"ಗೋಡೆ ಮೇಲಿಂದು. ಡಾಟಿ ಗೀಚಿದ್ದು. ಎರಡೆರಡು ಕಾಣ್ತಿಲ್ಲ. ಐದು."

"ಐದು" ಎಂದಳು ಎಲ್ವಾ. "ಆರು ಹೇಳು."

ಡಾಟಿ ಪೆಟ್ಟಿಗೆಯ ಮೇಲಿಂದ, "ಜೂಸು!" ಎಂದಳು.

ಆಂಬುಲೆನ್ಸ್ ಬಂದಾಗ ಹನ್ನೊಂದೂ ನಲವತ್ತು. ಓಡಿಸಿಕೊಂಡು ಬಂದ ಡೀಡ್ರಿ ಶಾಲೆಯ ಬಸ್ಸನ್ನೂ ಓಡಿಸುವವಳು, ಊರಿಗೆಲ್ಲ ಪರಿಚಿತೆ. ಕಾಲಿನ ಕಟ್ಟು ನೋಡಿ, "ಇದನ್ನ ಯಾರು ಕಟ್ಟಿದ್ದು?" ಎಂದು ಕೇಳಿದಳು. ಅದನ್ನು ಬಿಚ್ಚದೆ ಅದರ ಮೇಲೇ ಇನ್ನೊಂದು ಬ್ಯಾಂಡೇಜು ಸುತ್ತಿದಳು.

ಆಸ್ಪತ್ರೆಯಲ್ಲಿ ಮೊದಲ ಒಂದು ಗಂಟೆ ಎಲ್ಲ ಸರಿಯಿದೆ ಅನ್ನಿಸಿತು. ಡಾಕ್ಟರು ಗಾಜಿನ ಕೊಳವೆಯಲ್ಲಿ ಅವಳ ರಕ್ತ ತೆಗೆದು ಮೇಜಿನ ಮೇಲೆ ನಿಲ್ಲಿಸಿದ್ದರು. ಹತ್ತು ನಿಮಿಷದಲ್ಲಿ ಅದು ಹೆಪ್ಪುಗಟ್ಟಬೇಕು. ಡಾಕ್ಟರು ಕೊಳವೆಯನ್ನು ಓರೆ ಮಾಡಿದರು. ರಕ್ತ ನೀರಿನಂತೆ ಹರಿಯಿತು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಓರೆ ಮಾಡಿದರು. ಮತ್ತೆ ಹರಿಯಿತು. ಜಸಿಂಟಾ ಅವರ ಮುಖವನ್ನೇ ನೋಡುತ್ತಿದ್ದಳು. ಸೂಜಿ ಚುಚ್ಚಿದ ಜಾಗದಿಂದ ರಕ್ತ ನಿಲ್ಲದೆ ಜಿನುಗುತ್ತಿತ್ತು. ಬಾಯಲ್ಲಿ ಕಬ್ಬಿಣದ ರುಚಿ ಬಂತು. ಒಸಡಿನಿಂದ ರಕ್ತ.

"ವಿಷಕ್ಕೆ ಮದ್ದು ಕೊಡ್ತಿದೀವಿ" ಎಂದರು ಡಾಕ್ಟರು. "ಆದ್ರೆ ಕೆಟ್ಟಿರೋ ರಕ್ತ ಸರಿ ಆಗೋಕೆ ಹೊತ್ತು ಹಿಡಿಯತ್ತೆ. ಅಲ್ಲೀವರೆಗೆ ತಲೆಗೆ ಒಂದು ಸಣ್ಣ ಪೆಟ್ಟೂ ತಾಗಬಾರದು. ಹಲ್ಲು ಉಜ್ಜಬಾರದು. ಜೋರಾಗಿ ಕೆಮ್ಮಬಾರದು."

ಕ್ಲೆಮ್ ಗೋಧಿಯ ಧೂಳಿನಲ್ಲಿ ಮುಳುಗಿ ಬಂದು ಮಂಚದ ಪಕ್ಕ ನಿಂತ. ಎಲ್ಲಿ ಮುಟ್ಟಿದರೆ ಏನಾಗುತ್ತದೋ ಎಂದು ಕೈ ಕಟ್ಟಿಕೊಂಡೇ ನಿಂತಿದ್ದ.

"ಮುಟ್ಟು" ಎಂದಳು ಜಸಿಂಟಾ. "ಒಡೆಯಲ್ಲ ನಾನು."

ಅವನು ಅವಳ ಕಿರುಬೆರಳನ್ನು ಮಾತ್ರ ಹಿಡಿದುಕೊಂಡ.

ಒಂದೂವರೆ ದಿನ ಅವಳು ಹಾಗೆ ಬಿದ್ದಿದ್ದಳು. ಸ್ವಲ್ಪ ತಲೆನೋವಾದರೂ ಮಿದುಳಿನಲ್ಲಿ ರಕ್ತನಾಳ ಒಡೆಯಿತೇ ಎಂಬ ಭಯ. ಕಣ್ಣು ಮುಚ್ಚಿದರೆ ಗೋಡೆಯ ಬುಡ ತಡವುವ ಆ ತಲೆ. ಎಷ್ಟೋ ಸಲ ನಾಲಿಗೆಯಿಂದ ಒಸಡನ್ನು ಮುಟ್ಟಿ ನೋಡಿಕೊಂಡಳು. ಮನೆಯ ಯೋಚನೆ ಬಂದಾಗಲೆಲ್ಲ ಅವಳಿಗೆ ವಿಚಿತ್ರವೆನ್ನಿಸುತ್ತಿತ್ತು. ಅವಳಿಗೆ ಬೇಕೆನ್ನಿಸುತ್ತಿದ್ದದ್ದು ಚೆನ್ನಾಗಿದ್ದ ಕಾಲದ ಮನೆಯಲ್ಲ, ಈಗಿನದೇ. ಒಲೆಯ ಮೇಲೆ ಕಾಯಿಸಿದ ನೀರನ್ನು ಚೊಂಬಿನಿಂದ ಡಾಟಿಯ ಬೆನ್ನಿಗೆ ಸುರಿಯುವುದು, ಅವಳು ಕಿರುಚುವುದು. ಅದೊಂದನ್ನು ಇನ್ನೊಮ್ಮೆ ಮಾಡಲು ಬಿಟ್ಟರೆ ಸಾಕು ಎಂದು ಯಾರನ್ನೋ ಬೇಡಿಕೊಳ್ಳುತ್ತಿದ್ದಳು.

ಶುಕ್ರವಾರ ಸಂಜೆ ಕೊಳವೆಯಲ್ಲಿ ರಕ್ತ ನಿಂತಿತು. ಡಾಕ್ಟರು ಓರೆ ಮಾಡಿದರು, ಅದು ಹರಿಯಲಿಲ್ಲ. ಅವರು ಅದನ್ನು ಅವಳಿಗೆ ತೋರಿಸಿದರು. ಕೊಳವೆಯ ತಳದ ಕೆಂಪು ಗಡ್ಡೆಯನ್ನು ನೋಡಿ ಜಸಿಂಟಾ ಹಾವು ಕಚ್ಚಿದ ಮೇಲೆ ಮೊದಲ ಸಲ ಅತ್ತಳು. ಆಗಲೂ ಮೆಲ್ಲಗೆ, ಕೆಮ್ಮು ಬರದ ಹಾಗೆ.

ಭಾನುವಾರ ಮನೆಗೆ ಬಂದಳು. ಹಾವು ಹಿಡಿಯುವವನು ಎರಡು ಸಲ ಬಂದು ಹುಡುಕಿ ಹೋಗಿದ್ದ. ಒಲೆಯ ಹಿಂದಿನ ತೂತಿನಿಂದ ಹೊರಗೆ ಹೋಗಿರಬೇಕು ಎಂದಿದ್ದ. "ಇರಬೇಕು" ಎಂಬ ಮಾತು ಜಸಿಂಟಾಗೆ ಹಿಡಿಸಲಿಲ್ಲ. ಕ್ಲೆಮ್ ಕೊಯ್ಲನ್ನು ಒಂದು ದಿನ ನಿಲ್ಲಿಸಿ ಮನೆಯ ತೂತುಗಳಿಗೆಲ್ಲ ತಂತಿಜಾಲರಿ ತುಂಬಿ ಸಿಮೆಂಟು ಹಾಕಿದ. ಡಾಟಿಯ ಬಾಗಿಲ ಮುಂದೆ ನಿಂತು ತಲೆ ಕೆರೆದುಕೊಂಡ.

"ಇದನ್ನ ಹೀಗೇ ಬಿಡೋಣ್ವಾ ಜಸ್? ಇದರಿಂದಲೇ ತಾನೇ ಮಗು..."

"ಬೇಡ. ಅಡಿಯ ಅಂಚು ಕೆತ್ತು, ಕೆಳಗೆ ರಬ್ಬರ್ ಪಟ್ಟಿ ಹೊಡಿ" ಎಂದಳು ಜಸಿಂಟಾ. "ಆವತ್ತು ಹೊಗೆ ಬಂದಾಗ ಇದೇ ಬಾಗಿಲು ನನ್ನ ಜೀವ ತೆಗೀತು. ಒಂದು ಸಲ ಒಳ್ಳೇದಾಯ್ತು ಅಂತ ಪೂಜೆ ಮಾಡ್ತಾ ಕೂರೋಕಾಗಲ್ಲ."

ಬಟ್ಟೆ ಒಗೆಯುವ ಕೋಣೆಗೆ ಅವಳು ಒಂದು ವಾರ ಕಾಲಿಡಲಿಲ್ಲ. ಎಲ್ವಾ ಏನೂ ಕೇಳದೆ ಬಟ್ಟೆಗಳನ್ನು ಜಗಲಿಗೆ ತಂದು, ಒಂದೊಂದನ್ನೂ ಇಕ್ಕಳದಿಂದ ಎತ್ತಿ ಕೊಡವಿ ತಗಡಿನ ತೊಟ್ಟಿಗೆ ಹಾಕುತ್ತಿದ್ದಳು. ಇಬ್ಬರೂ ಎದುರುಬದುರು ಕೂತು ಉಜ್ಜುತ್ತಿದ್ದರು. ಡಾಟಿ ಬರಿಗಾಲಲ್ಲಿ ಅಂಗಳಕ್ಕೆ ಇಳಿದರೆ ಜಸಿಂಟಾ ಚೀರುತ್ತಿದ್ದಳು. ಮಗು ಬೆಚ್ಚಿ ಅಳುತ್ತಿತ್ತು.

"ಈ ಹೆದರಿಕೆ ಹೋಗತ್ತಾ ಎಲ್ವಾ?" ಎಂದು ಒಂದು ದಿನ ಕೇಳಿದಳು.

"ಎಲ್ಲಿ ಹೋಗತ್ತೆ?" ಎಂದಳು ಎಲ್ವಾ. "ಬೂಟು ಹಾಕ್ಕೊಂಡು ಓಡಾಡ್ಬೇಕು, ಅಷ್ಟೇ."

ಕೊಯ್ಲು ಮುಗಿಯಲು ಮೂರು ದಿನ ಇರುವಾಗ ಫ್ರಿಜ್ಜು ನಿಂತಿತು. ಒಳಗೆ ಕೊಯ್ಲಿನವರಿಗೆಂದು ಇಟ್ಟಿದ್ದ ಅರ್ಧ ಕುರಿಯ ಮಾಂಸವಿತ್ತು. ಮಧ್ಯಾಹ್ನದ ಊಟಕ್ಕೆ ಬಂದಿದ್ದ ಕ್ಲೆಮ್ ಫ್ರಿಜ್ಜಿನ ಮೈಗೆ ಕಿವಿಯಿಟ್ಟು, "ಸತ್ತಿದೆ" ಎಂದ. ಹೇಳಿ, ಹೆಂಡತಿಯ ಕಡೆ ನೋಡಿದ. ಎಲ್ವಾ ಕೂಡ ಕೈಲಿದ್ದ ಚಾಕು ನಿಲ್ಲಿಸಿ ನೋಡಿದಳು. ಸಿಡಿಲು ಬೀಳುವುದನ್ನು ಕಾಯುವವರಂತೆ ಇಬ್ಬರೂ ನಿಂತಿದ್ದರು.

ಜಸಿಂಟಾ ಫ್ರಿಜ್ಜಿನ ಬಾಗಿಲು ತೆರೆದು ಮಾಂಸ ಮುಟ್ಟಿ ನೋಡಿದಳು. ಇನ್ನೂ ತಣ್ಣಗಿತ್ತು.

"ಪಕ್ಕದ ಹೊಲದವರ ಹತ್ರ ದೊಡ್ಡ ಐಸ್ ಪೆಟ್ಟಿಗೆ ಇದೆ" ಎಂದಳು. "ಕ್ಲೆಮ್, ಹೋಗಿ ತಗೊಂಡ್ ಬಾ. ಎಲ್ವಾ, ಉಳಿದದ್ದನ್ನ ಇವತ್ತೇ ಬೇಯಿಸಿಬಿಡೋಣ. ದೊಡ್ಡ ಪಾತ್ರೆ ನಾನು ತೆಗೀತೀನಿ."

ದೊಡ್ಡ ಪಾತ್ರೆ ಇದ್ದದ್ದು ಕೆಳಗಿನ ಕಪಾಟಿನ ಹಿಂದಿನ ಮೂಲೆಯಲ್ಲಿ, ಕತ್ತಲಿನಲ್ಲಿ. ಜಸಿಂಟಾ ಅದರ ಮುಂದೆ ಮಂಡಿಯೂರಿ ಕೂತಳು. ಮರದ ಸೌಟಿನಿಂದ ಕಪಾಟಿನ ಬಾಗಿಲನ್ನು ಮೂರು ಸಲ ಜೋರಾಗಿ ಬಡಿದಳು. ಕಾದಳು. ಇನ್ನೊಂದು ಸಲ ಬಡಿದಳು. ಎಲ್ವಾ ಬಂದು ಅವಳ ಹಿಂದೆ ಟಾರ್ಚು ಹಿಡಿದು ನಿಂತಳು. ಆಮೇಲೆ ಜಸಿಂಟಾ ಬಾಗಿಲು ತೆರೆದು, ಉಸಿರು ಬಿಗಿಹಿಡಿದು, ಭುಜದವರೆಗೆ ಕೈ ಒಳಗೆ ಚಾಚಿದಳು.